ಬೆಳಗಾವಿಗೊಂದು, ಹುಬ್ಬಳ್ಳಿಗೊಂದು

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಅದರ ಉದ್ದ ಸುಮಾರು 75 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 48ನ್ನು ಹಿಡಿದು ಕಿತ್ತೂರು, ಧಾರವಾಡಗಳನ್ನು ದಾಟಿ ಹೋದರೆ ನೂರು ಕಿಲೋಮೀಟರಿನ ಆಸುಪಾಸು. ಕಾರಿನಲ್ಲಿ ಸುಮಾರು ಎರಡು ತಾಸಿನ ದಾರಿ. ಈ ಎರಡು ನಿಲ್ದಾಣಗಳ ನಡುವೆ ವಿಮಾನ ಹಾರಬೇಕೆಂದು ಯಾರೂ ಕೇಳುತ್ತಿಲ್ಲ. ಎರಡೂ ಊರುಗಳವರು ಕೇಳುತ್ತಿರುವುದು ಬೇರೆ: ಇನ್ನೊಂದು ಊರಿಗೆ ದೊರೆತದ್ದೆಲ್ಲವೂ ತಮಗೂ ದೊರೆಯಬೇಕು. ಈ ಬೇಡಿಕೆಗೆ ದುಬೈ, ಲಂಡನ್, ಡಲ್ಲಾಸ್‌ಗಳಲ್ಲಿ ನೆಲೆಸಿದ ಉತ್ತರ ಕರ್ನಾಟಕದವರ ದನಿಯೂ ಸೇರಿಕೊಂಡಿದೆ. ಆದ್ದರಿಂದ 75 ಕಿಲೋಮೀಟರ್ ಎಂಬ ಸಂಖ್ಯೆಯನ್ನು ಭೂಗೋಳದ ಲೆಕ್ಕವೆಂದು ಬದಿಗಿಡದೆ, ಸಾರ್ವಜನಿಕ ಹಣದ ಪ್ರಶ್ನೆಯಾಗಿ ನೋಡಬೇಕಾಗಿದೆ.

ಮೊದಲು ಕಾಲದ ಲೆಕ್ಕ. ಪ್ರಾದೇಶಿಕ ಮಾರ್ಗಗಳಲ್ಲಿ ಹೆಚ್ಚಾಗಿ ಬಳಸುವ ಎಟಿಆರ್ 72 ವಿಮಾನ ಮೇಲೇರಿ ಸಮವೇಗಕ್ಕೆ ಬಂದಾಗ ತಾಸಿಗೆ ಸುಮಾರು 500 ಕಿಲೋಮೀಟರ್ ಸಾಗುತ್ತದೆ. ಆ ವೇಗದಲ್ಲಿ 75 ಕಿಲೋಮೀಟರಿಗೆ ಒಂಬತ್ತೇ ನಿಮಿಷ. ಆದರೆ ಇಷ್ಟು ಕಡಿಮೆ ದೂರದಲ್ಲಿ ವಿಮಾನಕ್ಕೆ ಸಮವೇಗದಲ್ಲಿ ಸಾಗಲು ಅವಕಾಶವೇ ಸಿಗುವುದಿಲ್ಲ. ಏರುವುದು ಮುಗಿಯುವಷ್ಟರಲ್ಲಿ ಇಳಿಯುವ ಸಿದ್ಧತೆ ಆರಂಭವಾಗುತ್ತದೆ. ರನ್‌ವೇಯ ದಿಕ್ಕಿಗೆ ತಕ್ಕಂತೆ ತಿರುವು ತೆಗೆದುಕೊಳ್ಳಬೇಕು, ನೆಲದ ಮೇಲೆ ಸರತಿ ಕಾಯಬೇಕು. ವಿಮಾನಯಾನದ ಭಾಷೆಯಲ್ಲಿ 'ಬ್ಲಾಕ್ ಟೈಮ್' ಎಂದರೆ ಒಂದು ನಿಲ್ದಾಣದಲ್ಲಿ ಚಕ್ರದ ತಡೆ ತೆಗೆದ ಕ್ಷಣದಿಂದ ಇನ್ನೊಂದರಲ್ಲಿ ತಡೆ ಇಡುವವರೆಗಿನ ಅವಧಿ. ಇಂಥ ಹಾರಾಟಕ್ಕೆ ಅದು ಅರ್ಧ ತಾಸಿಗಿಂತ ಕಡಿಮೆಯಾಗುವುದು ಕಷ್ಟ. ಇದರ ಮೇಲೆ, ದೇಶದೊಳಗಿನ ವಿಮಾನಗಳ ಚೆಕ್-ಇನ್ ಸಾಮಾನ್ಯವಾಗಿ ಹೊರಡುವುದಕ್ಕೆ ಒಂದು ತಾಸು ಮೊದಲೇ ಮುಚ್ಚುತ್ತದೆ. ಆ ಹೊತ್ತಿಗೆ ಸಾಂಬ್ರಾದಿಂದ ಕಾರಿನಲ್ಲಿ ಹೊರಟವನು, ವಿಮಾನ ನೆಲ ಬಿಡುವಾಗ ಕಿತ್ತೂರಿನ ಸಮೀಪ ಇರುತ್ತಾನೆ. ವಿಮಾನದವನು ಇಳಿದು, ಸಾಮಾನು ಪಡೆದು, ಹುಬ್ಬಳ್ಳಿ ನಿಲ್ದಾಣದ ಹೊರಗೆ ಬರುವ ಹೊತ್ತಿಗೆ ಕಾರಿನವನೂ ಅಲ್ಲಿಗೆ ಬಂದಿರುತ್ತಾನೆ. ಹತ್ತಿರದ ಊರುಗಳ ನಡುವೆ ವಿಮಾನದ ವೇಗ ಸಮಯವನ್ನು ಉಳಿಸುವುದಿಲ್ಲ ಎಂಬುದು ಇದರ ಸಾರ. ಇಂಧನದ ಲೆಕ್ಕವೂ ಹೀಗೆಯೇ. ವಿಮಾನ ಅತಿ ವೇಗವಾಗಿ ಇಂಧನ ಸುಡುವುದು ಮೇಲೇರುವಾಗ; ಹಾರಾಟ ಚಿಕ್ಕದಾದಷ್ಟೂ ಪ್ರತಿ ಕಿಲೋಮೀಟರಿನ ಇಂಧನ ಹೆಚ್ಚು.

ಹೀಗಿರುವಾಗ ಒಂದಕ್ಕೊಂದು ಇಷ್ಟು ಸಮೀಪದಲ್ಲಿರುವ ಎರಡು ನಿಲ್ದಾಣಗಳು ಹೇಗೆ ಬೆಳೆದವು? ಸಾಂಬ್ರಾ ಎರಡನೆಯ ಮಹಾಯುದ್ಧದ ಕಾಲದ್ದು. ವಾಯುಪಡೆಯ ತರಬೇತಿ ಕೇಂದ್ರ ಇಂದಿಗೂ ಅಲ್ಲಿದೆ. ಹುಬ್ಬಳ್ಳಿ ವಾಣಿಜ್ಯ ನಗರವಾಗಿ, ರೈಲ್ವೆ ವಲಯದ ಕೇಂದ್ರವಾಗಿ ಬೆಳೆದು ತನ್ನ ನಿಲ್ದಾಣಕ್ಕೆ ಒತ್ತಾಯಿಸಿತು. 2017ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಎರಡೂ ಕಡೆ ಹೊಸ ಟರ್ಮಿನಲ್‌ಗಳು ಉದ್ಘಾಟನೆಯಾದವು. ಮರುವರ್ಷ ಹುಬ್ಬಳ್ಳಿ ಕೇಂದ್ರದ 'ಉಡಾನ್' ಯೋಜನೆಯ ಎರಡನೆಯ ಸುತ್ತಿನಲ್ಲಿ ಸೇರಿ ಸಹಾಯಧನದ ಮಾರ್ಗಗಳನ್ನು ಪಡೆದಾಗ ಬೆಳಗಾವಿಯ ಸೇವೆ ಸೊರಗಿತು, ಅಲ್ಲಿನ ನಾಗರಿಕರು ಬೀದಿಗಿಳಿದರು. 2019ರ ಮೂರನೆಯ ಸುತ್ತಿನಲ್ಲಿ ಬೆಳಗಾವಿಗೂ ಮಾರ್ಗಗಳು ದೊರೆತವು. 2024ರ ಮಾರ್ಚ್ 10ರಂದು ಪ್ರಧಾನಿಯವರು ಒಂದೇ ಕಾರ್ಯಕ್ರಮದಲ್ಲಿ ಎರಡೂ ಊರುಗಳ ಮತ್ತಷ್ಟು ದೊಡ್ಡ ಟರ್ಮಿನಲ್‌ಗಳಿಗೆ ಅಡಿಗಲ್ಲು ಹಾಕಿದರು. ಒಬ್ಬನಿಗೆ ಕೊಟ್ಟದ್ದನ್ನು ಇನ್ನೊಬ್ಬನಿಗೂ ಕೊಟ್ಟು ಜಗಳ ತಪ್ಪಿಸುವ ಮನೆಯ ಹಿರಿಯನ ಜಾಣ್ಮೆ ಇದರಲ್ಲಿದೆ. ಆದರೆ ಇಡೀ ಪ್ರದೇಶಕ್ಕೆ ಎಂಥ ಸಾರಿಗೆ ಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ.

ನೋಟವನ್ನು ಇನ್ನಷ್ಟು ಅಗಲಗೊಳಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಬೆಳಗಾವಿಯನ್ನು ಕೇಂದ್ರವಾಗಿಟ್ಟು 100 ಕಿಲೋಮೀಟರಿನ ವೃತ್ತ ಎಳೆದರೆ ಹುಬ್ಬಳ್ಳಿಯ ಜೊತೆಗೆ ಕೊಲ್ಹಾಪುರ ಹಾಗೂ 2023ರ ಜನವರಿಯಲ್ಲಿ ಹಾರಾಟ ಆರಂಭಿಸಿದ ಗೋವಾದ ಮೋಪಾ ನಿಲ್ದಾಣಗಳೂ ಒಳಗೆ ಬರುತ್ತವೆ. ವೃತ್ತದ ಅಂಚಿನಿಂದ ತುಸು ಆಚೆ 2021ರಲ್ಲಿ ಆರಂಭವಾದ ಸಿಂಧುದುರ್ಗದ ನಿಲ್ದಾಣವಿದೆ. ಮೋಪಾದಿಂದ ದಾಬೋಲಿಂಗೆ ಆಕಾಶಮಾರ್ಗದಲ್ಲಿ ಸುಮಾರು 40 ಕಿಲೋಮೀಟರ್ ಮಾತ್ರ; ಅವೆರಡೂ ಅಂತರರಾಷ್ಟ್ರೀಯ ನಿಲ್ದಾಣಗಳು. ಇಷ್ಟೆಲ್ಲ ನಿಲ್ದಾಣಗಳ ನಡುವೆ ಉತ್ತರ ಕರ್ನಾಟಕದ ಅನಿವಾಸಿಯೊಬ್ಬ ಊರಿಗೆ ಬರಬೇಕಾದರೆ ಇಂದಿಗೂ ಬೆಂಗಳೂರಿಗೋ ಮುಂಬಯಿಗೋ ಗೋವಾಕ್ಕೋ ಇಳಿಯುವುದೇ ರೂಢಿ. ನಿಲ್ದಾಣಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಸಂಪರ್ಕ ಹೆಚ್ಚಲಿಲ್ಲ.

ಇದರ ಕಾರಣ ಸರಳ ಗಣಿತದಲ್ಲಿದೆ. ಈ ಪ್ರದೇಶದಿಂದ ಒಂದು ದೊಡ್ಡ ನಗರಕ್ಕೆ ದಿನಕ್ಕೆ ಎಂಬತ್ತು ಜನ ಹೊರಡುತ್ತಾರೆ ಎಂದಿಟ್ಟುಕೊಂಡರೆ, ಒಂದೇ ನಿಲ್ದಾಣವಿದ್ದಲ್ಲಿ ಎಟಿಆರ್ ವಿಮಾನವೊಂದು ಪ್ರತಿದಿನ ತುಂಬಿ ಹಾರುತ್ತದೆ. ಅದೇ ಜನ ಎರಡು ನಿಲ್ದಾಣಗಳಿಗೆ ಹಂಚಿಹೋದರೆ ಎರಡೂ ಕಡೆ ಅರ್ಧ ಖಾಲಿ ವಿಮಾನ. ಮೊದಲ ಋತುವಿನಲ್ಲಿ ಸಂಸ್ಥೆ ನಷ್ಟ ಸಹಿಸುತ್ತದೆ, ಎರಡನೆಯದರಲ್ಲಿ ವಾರಕ್ಕೆ ಮೂರೇ ದಿನ ಹಾರುತ್ತದೆ, ಮೂರನೆಯದರಲ್ಲಿ ಮಾರ್ಗವನ್ನೇ ಕೈಬಿಡುತ್ತದೆ. ವಾರಕ್ಕೆ ಮೂರು ದಿನದ ವಿಮಾನವನ್ನು ನಂಬಿ ಯಾರೂ ಆಸ್ಪತ್ರೆಯ ಭೇಟಿಯನ್ನಾಗಲಿ, ನ್ಯಾಯಾಲಯದ ತಾರೀಖನ್ನಾಗಲಿ, ವಿದೇಶದ ಮುಂದಿನ ವಿಮಾನವನ್ನಾಗಲಿ ಹೊಂದಿಸಿಕೊಳ್ಳಲಾರರು. ಹಾಗಾಗಿ ಇರುವ ಪ್ರಯಾಣಿಕರೂ ಬೆಂಗಳೂರಿನ ರಾತ್ರಿ ಬಸ್ಸಿಗೆ ಮರಳುತ್ತಾರೆ.

'ಉಡಾನ್' ಯೋಜನೆಯ ಕತೆಯೂ ಇದನ್ನೇ ಹೇಳುತ್ತದೆ. ಸಾಮಾನ್ಯ ನಾಗರಿಕನೂ ಹಾರಬೇಕೆಂಬ ಘೋಷಣೆಯೊಂದಿಗೆ 2016ರಲ್ಲಿ ರೂಪುಗೊಂಡ ಈ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದಿಲ್ಲಿಗೆ ಹಾರಿತು. ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿಯ ಮಿತಿ. ಆ ಮಿತಿ ವಿಮಾನದ ಎಲ್ಲ ಆಸನಗಳಿಗಲ್ಲ, ನಿಗದಿಪಡಿಸಿದ ಒಂದು ಭಾಗಕ್ಕೆ ಮಾತ್ರ. ನಷ್ಟ ತುಂಬಿಕೊಡುವ ಹಣ ದೊಡ್ಡ ಮಾರ್ಗಗಳ ಹಾರಾಟಗಳ ಮೇಲೆ ವಿಧಿಸುವ ಶುಲ್ಕದಿಂದ ಮತ್ತು ರಾಜ್ಯಗಳ ಪಾಲಿನಿಂದ ಬರುತ್ತದೆ, ಅದೂ ಮೂರು ವರ್ಷಗಳ ಮಟ್ಟಿಗೆ. ಈ ಯೋಜನೆಯ ಮೊದಲ ರೂಪದಲ್ಲಿ ಸಹಾಯಧನಕ್ಕೆ 200ರಿಂದ 800 ಕಿಲೋಮೀಟರಿನ ದೂರದ ಮಿತಿ ಇತ್ತು. ಗುಡ್ಡಗಾಡು, ದ್ವೀಪ, ದುರ್ಗಮ ಪ್ರದೇಶಗಳಿಗೆ ಮಾತ್ರ ಕೆಳಮಿತಿಯಿಂದ ವಿನಾಯಿತಿ. ಬಸ್ಸು ರೈಲುಗಳಿಂದ ಆಗುವ ಕೆಲಸಕ್ಕೆ ಆಕಾಶದಲ್ಲಿ ಹಣ ಸುರಿಯಬಾರದೆಂಬ ವಿವೇಕ ಆ ಕೆಳಮಿತಿಯಲ್ಲಿತ್ತು. ಆದರೆ ಆ ವಿವೇಕ ಮಾರ್ಗಗಳಿಗೆ ಮಾತ್ರ ಅನ್ವಯಿಸಿತು. ಪಕ್ಕಪಕ್ಕದ ನಿಲ್ದಾಣಗಳು ಒಂದೇ ಜನರಿಗಾಗಿ ಪೈಪೋಟಿ ನಡೆಸುವುದನ್ನು ಅದು ತಡೆಯಲಿಲ್ಲ. 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ, ಮೊದಲ ಮೂರು ಸುತ್ತುಗಳಲ್ಲಿ ಮಂಜೂರಾದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲವೆಂದು ದಾಖಲಿಸಿತು. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ಮುಗಿದ ಮೇಲೂ, 2023ರ ಮಾರ್ಚ್‌ವರೆಗೆ ಉಳಿದದ್ದು 54. ನೂರು ಬೀಜ ಬಿತ್ತಿ ಏಳು ಗಿಡ ಉಳಿಸಿಕೊಂಡ ಒಕ್ಕಲುತನವನ್ನು ಯಾವ ರೈತನೂ ಸುಗ್ಗಿ ಎನ್ನುವುದಿಲ್ಲ.

ಕರ್ನಾಟಕದ ಈಶಾನ್ಯ ಮೂಲೆಯಲ್ಲಿಯೂ ಇಂಥದೇ ಒಂದು ಜೋಡಿ ಇದೆ. ಕಲಬುರಗಿಯ ನಿಲ್ದಾಣ 2019ರ ನವೆಂಬರಿನಲ್ಲಿ, ಬೀದರದ ನಾಗರಿಕ ವಿಮಾನ ಸೇವೆ 2020ರ ಫೆಬ್ರುವರಿಯಲ್ಲಿ ಆರಂಭವಾದವು. ಇವೆರಡರ ನಡುವಿನ ವಾಯುದೂರ ತೊಂಬತ್ತು ಕಿಲೋಮೀಟರಿಗಿಂತ ಕಡಿಮೆ. ಬೀದರದ ಸೇವೆ 2023ರ ಕೊನೆಯಲ್ಲಿ ನಿಂತು, ರಾಜ್ಯ ಸರ್ಕಾರ ಸಹಾಯಧನ ಕೊಡಲು ಒಪ್ಪಿದ ಮೇಲೆ 2025ರಲ್ಲಿ ಮತ್ತೆ ಆರಂಭವಾಯಿತು. ಇದೇ ಎರಡು ಊರುಗಳನ್ನು ಜೋಡಿಸುವ 110 ಕಿಲೋಮೀಟರಿನ ರೈಲು ಮಾರ್ಗ ಪೂರ್ಣಗೊಳ್ಳಲು ಎರಡು ದಶಕಗಳ ಸಮೀಪ ಹಿಡಿಯಿತು; 2017ರ ಅಕ್ಟೋಬರಿನಲ್ಲಿ ಅದು ಉದ್ಘಾಟನೆಯಾಯಿತು. ವಿಮಾನ ನಿಂತಾಗ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ, ಸಂಸದರು ಪತ್ರ ಬರೆಯುತ್ತಾರೆ. ರೈಲು ಇಪ್ಪತ್ತು ವರ್ಷ ತಡವಾದಾಗ ಅಂಥ ಆತುರ ಕಾಣಲಿಲ್ಲ. ರೈಲಿಗಾಗಿ ಕಾಯುವವರಿಗೂ ವಿಮಾನಕ್ಕಾಗಿ ಕಾಯುವವರಿಗೂ ಇರುವ ಸಾಮಾಜಿಕ ಅಂತರವೇ ಇದಕ್ಕೆ ಕಾರಣ.

ಇಷ್ಟು ಹೇಳಿದ ಮೇಲೆ, ಇನ್ನೊಂದು ಪಕ್ಷದ ಮಾತನ್ನೂ ಅದರ ಪೂರ್ಣ ಬಲದೊಂದಿಗೆ ಕೇಳಬೇಕು. ಉತ್ತರ ಕರ್ನಾಟಕಕ್ಕೆ ನಿಲ್ದಾಣವೆಂಬುದು ಬರಿಯ ಸಾರಿಗೆಯಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ ರಾಜ್ಯದ ಅಂದಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತ್ತು. ಅತ್ಯಂತ ಹಿಂದುಳಿದವುಗಳಲ್ಲಿ ಹೆಚ್ಚಿನವು ಉತ್ತರದವು. ದಶಕಗಳ ಕಾಲ ಎಲ್ಲವೂ ಬೆಂಗಳೂರಿಗೇ ಹರಿದುಹೋದದ್ದನ್ನು ಕಂಡ ಜನ, ತಮ್ಮ ಊರಿಗೆ ಬಂದ ಒಂದು ರನ್‌ವೇಯನ್ನು ಬಹುಕಾಲದ ಬಾಕಿಯ ಮೊದಲ ಕಂತೆಂದು ಭಾವಿಸಿದರೆ ಅದು ಅಸಹಜವಲ್ಲ. ಬೆಳಗಾವಿಗೆ ಇನ್ನೂ ಒಂದು ಭಾರವಿದೆ. ಗಡಿ ವಿವಾದದ ನೆರಳಿನಲ್ಲಿ ಬದುಕುವ ಆ ನಗರದಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಎದ್ದು ನಿಂತದ್ದು ರಾಜ್ಯ ತನ್ನ ಉಪಸ್ಥಿತಿಯನ್ನು ಸಾರುವುದಕ್ಕಾಗಿ. ಅಂಥ ಊರಿನಿಂದ ವಿಮಾನಗಳು ಹುಬ್ಬಳ್ಳಿಗೆ ಸರಿದಾಗ ಆದ ನೋವನ್ನು ವೇಳಾಪಟ್ಟಿಯ ಬದಲಾವಣೆ ಎಂದು ತಳ್ಳಿಹಾಕಲಾಗದು. ಹೊರದೇಶದಲ್ಲಿರುವವರ ಸಂಕಟವೂ ನಿಜ. ತಾಯಿಯ ಉಸಿರು ಯಾವಾಗ ನಿಲ್ಲುವುದೋ ಎಂಬ ಕರೆ ಬಂದಾಗ ಫ್ರಾಂಕ್‌ಫರ್ಟ್‌ನಿಂದ ಹೊರಟವನಿಗೆ ಬೆಂಗಳೂರಿನಿಂದ ಸವದತ್ತಿಯ ವರೆಗಿನ ಕೊನೆಯ ದಾರಿಯೇ ಇಡೀ ಪಯಣದ ಅತ್ಯಂತ ಉದ್ದದ ಭಾಗವಾಗುತ್ತದೆ. ಅಂತ್ಯಸಂಸ್ಕಾರ ಮುಗಿದ ಮೇಲೆ ಮನೆ ಮುಟ್ಟಿದವರು ಬಹುತೇಕ ಎಲ್ಲ ಕನ್ನಡ ಕೂಟಗಳಲ್ಲಿಯೂ ಇದ್ದಾರೆ.

ಈ ನೋವಿಗೆ ಪರಿಹಾರ ಯಾವುದು ಎಂಬುದೇ ಪ್ರಶ್ನೆ. ಹತ್ತಿರದ ಹಾರಾಟಗಳ ವಿಷಯದಲ್ಲಿ ಬೇರೆ ದೇಶಗಳ ಅನುಭವ ಇಲ್ಲಿ ಉಪಯುಕ್ತ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೆಯಿಂದ ಪಾಪಾ ವೆಸ್ಟ್ರೆಗೆ 2.7 ಕಿಲೋಮೀಟರ್, ವೇಳಾಪಟ್ಟಿಯ ಪ್ರಕಾರ ಎರಡು ನಿಮಿಷದ ಹಾರಾಟ. 1967ರಿಂದ ನಡೆದಿರುವ ಈ ಸೇವೆ ಜಗತ್ತಿನ ಅತಿ ಚಿಕ್ಕ ನಿಯತ ವಿಮಾನಯಾನವೆಂದು ಹೆಸರಾಗಿದೆ. ನೂರಕ್ಕಿಂತ ಕಡಿಮೆ ಜನರಿರುವ ದ್ವೀಪಕ್ಕೆ ಶಿಕ್ಷಕರು, ವೈದ್ಯರು, ರೋಗಿಗಳು ಹೋಗಿಬರುವುದು ಇದರಲ್ಲಿ; ನಡುವೆ ಕೆರಳುವ ಕಡಲಿದೆ. ಅಲ್ಲಿ ಸರ್ಕಾರದ ಹಣ ಸಾರ್ಥಕ. ಇದಕ್ಕೆ ವಿರುದ್ಧವಾಗಿ 2016ರ ನವೆಂಬರಿನಲ್ಲಿ ಜರ್ಮನಿಯ ಫ್ರೀಡ್ರಿಶ್‌ಹಾಫೆನ್‌ನಿಂದ ಸ್ವಿಟ್ಜರ್ಲೆಂಡಿನ ಆಲ್ಟೆನ್‌ರೈನ್‌ಗೆ, ಕಾನ್‌ಸ್ಟೆನ್ಸ್ ಸರೋವರದ ಮೇಲೆ, ಸುಮಾರು 20 ಕಿಲೋಮೀಟರಿನ ಎಂಟು ನಿಮಿಷದ ಜೆಟ್ ಹಾರಾಟ ಆರಂಭವಾಯಿತು. ಪರಿಸರವಾದಿಗಳ ವಿರೋಧ ಮತ್ತು ಪ್ರಯಾಣಿಕರ ಅಭಾವದಿಂದ ಅದು 2017ರ ಏಪ್ರಿಲ್‌ನಲ್ಲೇ ನಿಂತಿತು. ಎರಡೂ ಹಾರಾಟಗಳ ಕೆಳಗೆ ನೀರಿತ್ತು. ಒಂದು ಕಡೆ ಹಾರಾಟ ನಿಂತರೆ ಬದುಕು ನಿಲ್ಲುತ್ತಿತ್ತು, ಇನ್ನೊಂದು ಕಡೆ ಸರೋವರದ ಸುತ್ತ ಒಳ್ಳೆಯ ರಸ್ತೆ, ರೈಲು, ದೋಣಿಗಳಿದ್ದವು.

ಫ್ರಾನ್ಸ್ 2021ರ ಹವಾಮಾನ ಕಾನೂನಿನ ಮೂಲಕ, ಎರಡೂವರೆ ತಾಸಿನೊಳಗೆ ರೈಲಿನಲ್ಲಿ ತಲುಪಬಹುದಾದ ಊರುಗಳ ನಡುವಿನ ವಿಮಾನಗಳನ್ನು ನಿಷೇಧಿಸಿತು. 2023ರ ಮೇ ತಿಂಗಳಲ್ಲಿ ಆದೇಶ ಹೊರಬಿತ್ತು. ಪ್ಯಾರಿಸ್ಸಿನ ಓರ್ಲಿಯಿಂದ ನಾಂತ್, ಲಿಯೋನ್, ಬೋರ್ಡೊಗಳ ಮೂರು ಮಾರ್ಗಗಳಿಗೆ ಮಾತ್ರ ಅದು ತಗುಲಿದ್ದರಿಂದ ಸಾಂಕೇತಿಕವೆಂಬ ಟೀಕೆ ಬಂತು. ಟೀಕೆ ಸರಿಯೇ. ಆದರೂ ಆ ಕಾನೂನಿನ ಕ್ರಮ ಗಮನಾರ್ಹ: ಮೊದಲು ರೈಲು ಬಂದಿತ್ತು, ಆಮೇಲೆ ನಿಷೇಧ ಬಂತು. ಅಮೆರಿಕದಲ್ಲಿ 1978ರ ನಿಯಂತ್ರಣಮುಕ್ತಿಯ ನಂತರ ಸಣ್ಣ ಊರುಗಳ ಸೇವೆ ಉಳಿಸಲು ಸಹಾಯಧನದ ಯೋಜನೆ ಬಂದಾಗಲೂ, ದೊಡ್ಡ ನಿಲ್ದಾಣಕ್ಕೆ 70 ಮೈಲಿಗಿಂತ ಹತ್ತಿರವಿರುವ ಊರುಗಳನ್ನು ಕ್ರಮೇಣ ಅದರಿಂದ ಹೊರಗಿಡಲಾಯಿತು. ಮಾರುಕಟ್ಟೆಯನ್ನು ಆರಾಧಿಸುವ ದೇಶವೂ ದೂರಕ್ಕೊಂದು ಮಿತಿ ಹಾಕಿಕೊಂಡಿದೆ.

ಬೆಳಗಾವಿ ಮತ್ತು ಹುಬ್ಬಳ್ಳಿಯ ನಡುವೆ ಕಡಲಿಲ್ಲ, ಸರೋವರವಿಲ್ಲ, ಕಿತ್ತೂರಿನ ಬಯಲಿದೆ. ಆದರೆ ನೇರವಾದ ರೈಲಿಲ್ಲ. ಧಾರವಾಡದಿಂದ ಬೆಳಗಾವಿಗೆ ಹೋಗುವ ರೈಲು ಇಂದಿಗೂ ಅಳ್ನಾವರ, ಲೋಂಡಾಗಳನ್ನು ಸುತ್ತಿಕೊಂಡು ಸುಮಾರು 120 ಕಿಲೋಮೀಟರ್ ಸಾಗುತ್ತದೆ. ಕಿತ್ತೂರಿನ ಮೂಲಕ ಸುಮಾರು 73 ಕಿಲೋಮೀಟರಿನ ನೇರ ಮಾರ್ಗಕ್ಕೆ 2020ರ ಹೊತ್ತಿಗೇ ಒಪ್ಪಿಗೆ ದೊರೆತಿತ್ತು. ಅಂದಾಜು ವೆಚ್ಚ 900 ಕೋಟಿ ರೂಪಾಯಿಗೂ ಹೆಚ್ಚು. ಆ ಬಳಿಕ ಭೂಸ್ವಾಧೀನದ ತಕರಾರುಗಳಲ್ಲಿ ವರ್ಷಗಳು ಕಳೆದವು. ಬೆಳಗಾವಿ ಸಮೀಪದ ರೈತರು ಫಲವತ್ತಾದ ಹೊಲಗಳು ಹೋಗುತ್ತವೆಂದು ವಿರೋಧಿಸಿ, ಬೇರೆ ದಾರಿಯನ್ನು ಸೂಚಿಸಿದರು. ಅವರ ಮಾತನ್ನು ಪ್ರಗತಿಯ ಅಡ್ಡಿಯೆಂದು ಕಾಣುವ ಬದಲು, ಯೋಜನೆಯನ್ನು ತಿದ್ದುವ ಅವಕಾಶವೆಂದು ಕಾಣಬಹುದಿತ್ತು. ರನ್‌ವೇ ಉದ್ದವಾಗುವುದೂ ಹೊಲಗಳ ಮೇಲೆಯೇ, ರೈಲು ಓಡುವುದೂ ಹೊಲಗಳ ನಡುವೆಯೇ. ವ್ಯತ್ಯಾಸವೆಂದರೆ ಹೊಲ ಕೊಟ್ಟವನ ಮಗಳು ಆ ರೈಲಿನಲ್ಲಿ ಧಾರವಾಡದ ಕಾಲೇಜಿಗೆ ಹೋಗಿಬರಬಹುದು. ರನ್‌ವೇಗೆ ಹೊಲ ಕೊಟ್ಟವನು ಅದರ ಬೇಲಿಯಾಚೆ ನಿಂತು ವಿಮಾನ ನೋಡುವುದೇ ಹೆಚ್ಚು.

ಆ ರೈಲು ಬಂದರೆ ಎರಡು ನಗರಗಳ ನಡುವಿನ ಹಾದಿ ತಾಸಿನ ಸುತ್ತಮುತ್ತ ಮುಗಿಯಬಲ್ಲದು. ಆಗ ಎರಡು ನಿಲ್ದಾಣಗಳು ಒಂದೇ ವ್ಯವಸ್ಥೆಯ ಎರಡು ಬಾಗಿಲುಗಳಂತೆ ಕೆಲಸ ಮಾಡಬಹುದು. ಬೆಳಗಾವಿಯ ನಿಲ್ದಾಣವನ್ನು ಮುಚ್ಚಬೇಕಾಗಿಲ್ಲ, ಹುಬ್ಬಳ್ಳಿಯದನ್ನು ಕುಗ್ಗಿಸಬೇಕಾಗಿಲ್ಲ. ಒಂದರ ನಕಲಾಗಿ ಇನ್ನೊಂದನ್ನು ಕಟ್ಟುವುದನ್ನು ನಿಲ್ಲಿಸಿದರೆ ಸಾಕು. ಹತ್ತರಗಿಯ ವೈಮಾನಿಕ ಬಿಡಿಭಾಗಗಳ ಕೈಗಾರಿಕಾ ವಲಯ, ನಗರದ ಫೌಂಡ್ರಿಗಳು, ಸಾಂಬ್ರಾದ ತರಬೇತಿ ಪರಂಪರೆ ಇವೆಲ್ಲ ಬೆಳಗಾವಿಗೆ ಸರಕು ಸಾಗಣೆ ಮತ್ತು ವಿಮಾನ ದುರಸ್ತಿಯಲ್ಲಿ ಸಹಜ ಅನುಕೂಲ ಕೊಡುತ್ತವೆ. ಹೊರದೇಶದ ವಿಮಾನವೊಂದು ಉತ್ತರ ಕರ್ನಾಟಕಕ್ಕೆ ಎಂದಾದರೂ ಬರುವುದಿದ್ದರೆ, ಅದು ಬರುವುದು ಎರಡೂ ಊರುಗಳ ಪ್ರಯಾಣಿಕರು ಒಂದೆಡೆ ಸೇರಿದಾಗ. ಯಾವ ಊರಿಗೆ ಎಂಬುದನ್ನು ಮಂತ್ರಿಗಳ ಬಲಾಬಲದಿಂದ ನಿರ್ಧರಿಸದೆ, ಎಷ್ಟು ಜನರಿಗೆ ಎಷ್ಟು ಸಮಯ ಉಳಿಯುತ್ತದೆಂಬ ಬಹಿರಂಗ ಲೆಕ್ಕದಿಂದ ನಿರ್ಧರಿಸಬೇಕು.

ರೈಲಿಗೆ ಕಾಯುವ ತನಕವೂ ಕೈಕಟ್ಟಿ ಕೂರಬೇಕಾಗಿಲ್ಲ. ಮೈಸೂರಿನಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ರಾಜ್ಯ ಸಾರಿಗೆ ನಿಗಮದ ಫ್ಲೈಬಸ್ ವರ್ಷಗಳಿಂದ ಓಡುತ್ತಿದೆ. ಮೈಸೂರಿನಲ್ಲಿ ನಿಲ್ದಾಣವಿದ್ದರೂ ಊರಿನ ಜನ ಆ ಬಸ್ಸನ್ನು ನಂಬಿದ್ದಾರೆ, ಏಕೆಂದರೆ ಅದು ಹೊತ್ತಿಗೆ ಸರಿಯಾಗಿ ಹೊರಡುತ್ತದೆ. ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ, ವಿಮಾನಗಳ ವೇಳೆಗೆ ಹೊಂದಿಸಿ ಸಾಂಬ್ರಾ, ಕಿತ್ತೂರು, ಧಾರವಾಡ, ಗೋಕುಲ ರಸ್ತೆಗಳನ್ನು ಜೋಡಿಸುವ ಅಂಥದೇ ಸೇವೆಯನ್ನು ನಡೆಸಬಹುದು. ಒಂದು ಟರ್ಮಿನಲ್‌ಗೆ ತಗಲುವ ಹಣದ ಸಣ್ಣ ಅಂಶ ಇದಕ್ಕೆ ಸಾಕು. ಬೆಳಗಾವಿಯ ವಿಮಾನ ರದ್ದಾದ ದಿನ ಹುಬ್ಬಳ್ಳಿಯ ವಿಮಾನ ಹಿಡಿಯಲು ಒಂದು ಖಚಿತವಾದ ದಾರಿ ಇದೆಯೆಂಬ ಭರವಸೆಯೇ ಎರಡೂ ನಿಲ್ದಾಣಗಳ ಬೆಲೆಯನ್ನು ಹೆಚ್ಚಿಸುತ್ತದೆ.

ಇಲ್ಲಿ ಅನಿವಾಸಿಗಳ ಪಾತ್ರವೇನು? ಮತ ಹಾಕಲು ಊರಿಗೆ ಬಾರದಿದ್ದರೂ ಮಂತ್ರಿಗಳು ವಿದೇಶಕ್ಕೆ ಬಂದಾಗ ವೇದಿಕೆ ಕಟ್ಟುವವರು ಇವರೇ, ಮನವಿಪತ್ರ ಕೊಡುವವರೂ ಇವರೇ. ಇಂಥ ಮನವಿಗಳಲ್ಲಿ ತಮ್ಮ ಜಿಲ್ಲೆಗೆ ಅಂತರರಾಷ್ಟ್ರೀಯ ನಿಲ್ದಾಣ ಬೇಕೆಂಬ ಸಾಲು ಸಲೀಸಾಗಿ ಮೊದಲನೆಯ ಸ್ಥಾನ ಪಡೆಯುತ್ತದೆ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವರ ಅನುಕೂಲ, ದಿನಕ್ಕೆರಡು ಬಾರಿ ಬಸ್ಸಿಗೆ ನಿಲ್ಲುವವರ ಅಗತ್ಯಕ್ಕಿಂತ ಗಟ್ಟಿಯಾಗಿ ಕೇಳಿಸುವುದು ಅವರ ಕೈಯಲ್ಲಿ ವಿದೇಶಿ ಹಣ ಇರುವುದರಿಂದ. ಯೂರೋಪಿನ ರೈಲುಗಳಲ್ಲಿ ನಿತ್ಯ ಓಡಾಡುತ್ತ, ಅವುಗಳನ್ನು ಮೆಚ್ಚಿ ಬರೆಯುವವರು ಊರಿನ ವಿಷಯ ಬಂದಾಗ ರನ್‌ವೇಯನ್ನೇ ಕೇಳುವುದು ವಿಚಿತ್ರ. ಬೆಳಗಾವಿಯವರೂ ಹುಬ್ಬಳ್ಳಿಯವರೂ ಒಟ್ಟಾಗಿ ಸಹಿ ಹಾಕಿದ ಒಂದೇ ಮನವಿ, ಅದರ ಮೊದಲ ಸಾಲಿನಲ್ಲಿ ಕಿತ್ತೂರಿನ ರೈಲು, ಎರಡನೆಯದರಲ್ಲಿ ವಿಮಾನಕ್ಕೆ ಹೊಂದುವ ಬಸ್ಸು, ಮೂರನೆಯದರಲ್ಲಿ ಎರಡೂ ನಿಲ್ದಾಣಗಳಿಗೆ ಸೇರಿದ ಒಂದೇ ಯೋಜನೆ: ಇಂಥದೊಂದು ಪತ್ರ ಯಾವುದಾದರೂ ಕನ್ನಡ ಕೂಟದಿಂದ ಬೆಂಗಳೂರಿಗೆ ತಲುಪಿದರೆ, ಮಂತ್ರಿಗಳಿಗೆ ಒಂದು ಊರನ್ನು ಇನ್ನೊಂದರ ವಿರುದ್ಧ ನಿಲ್ಲಿಸುವುದು ಅಷ್ಟು ಸುಲಭವಾಗುವುದಿಲ್ಲ.

ಕಿತ್ತೂರಿನಲ್ಲಿ ನಿಂತವನಿಗೆ ಎರಡೂ ನಿಲ್ದಾಣಗಳು ಹೆಚ್ಚುಕಡಿಮೆ ಒಂದೇ ದೂರ. ಅವನಿಗೆ ಬೇಕಾದುದು ಯಾವ ಊರಿನ ಹೆಸರು ಫಲಕದ ಮೇಲಿದೆ ಎಂಬುದಲ್ಲ; ವಿಮಾನ ನಾಳೆಯೂ ಹಾರುತ್ತದೆಯೇ, ಅಲ್ಲಿಗೆ ಹೋಗಲು ಬಸ್ಸಿದೆಯೇ, ಆ ಬಸ್ಸಿನಲ್ಲಿ ಅವನ ಕಿಸೆಗೆ ಹೊಂದುವ ಟಿಕೆಟ್ ಇದೆಯೇ ಎಂಬುದು. ಉತ್ತರ ಕರ್ನಾಟಕದ ಸಾರಿಗೆ ಯೋಜನೆಯನ್ನು ಅಳೆಯಬೇಕಾದ್ದು ಅವನು ನಿಂತ ಜಾಗದಿಂದ.